ಏರಿನಲ್ಲಿ ಪದೇ ಪದೇ ಆಫ್ ಆಗುವ ಎಫ್‌ಐ ಆಫ್‌ರೋಡ್ ಬೈಕ್: ಟ್ಯೂನಿಂಗ್‌ಗೆ ಹಣ ಸುರಿಯುವ ಮುನ್ನ ನೋಡಬೇಕಾದ್ದೇನು?

ಹೈದರಾಬಾದ್: ಭಾನುವಾರ ಬೆಳಗಾದರೆ ಸಾಕು, ನಗರದ ಬೈಕ್ ಸವಾರರ ಗುಂಪುಗಳು ಊರು ಬಿಟ್ಟು ಹೊರಡುತ್ತವೆ. ಚೇವೆಳ್ಳ ದಾಟಿ ವಿಕಾರಾಬಾದ್ ಕಡೆಗೆ ಹೋಗುವ ‘ಬಿಜಾಪುರ ರಸ್ತೆ’ ಕೆಲವರ ದಾರಿ. ಜಹೀರಾಬಾದ್ ಮೂಲಕ ಬೀದರ್ ತಲುಪುವುದು ಇನ್ನು ಕೆಲವರ ದಾರಿ. ಡಾಂಬರು ಮುಗಿದು ಕೆಂಪು ಮಣ್ಣಿನ ಹಾದಿ ಶುರುವಾದ ಮೇಲೆ ನಿಜವಾದ ಪರೀಕ್ಷೆ. ಕಲ್ಲು ತುಂಬಿದ ಏರಿನಲ್ಲಿ ಮೊದಲ ಗೇರ್, ಅರ್ಧ ಕ್ಲಚ್, ನಿಧಾನ ವೇಗ. ಅಲ್ಲೇ ಎಂಜಿನ್ ಆಫ್ ಆದರೆ ಬೈಕ್ ಹಿಂದಕ್ಕೆ ಜಾರುತ್ತದೆ, ಸವಾರ ಕೆಳಗೆ ಬೀಳುತ್ತಾನೆ. ಹೆದ್ದಾರಿಯಲ್ಲಿ ಹೀಗಾದರೆ ಅಪಾಯ ಹಿಂದಿನಿಂದ ಬರುವ ಲಾರಿಯ ರೂಪದಲ್ಲಿರುತ್ತದೆ.

ಕಾರ್ಬೊರೇಟರ್ ಕಾಲದಲ್ಲಿ ಇದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕಾಗುತ್ತಿತ್ತು. ಫ್ಯೂಯಲ್ ಇಂಜೆಕ್ಷನ್, ಅಂದರೆ ಎಫ್‌ಐ ಬೈಕ್‌ಗಳಲ್ಲಿ ಹಾಗಲ್ಲ. ಅನೇಕರು ಮೊದಲು ಪ್ಲಗ್ ಬದಲಿಸುತ್ತಾರೆ, ಆಮೇಲೆ ಪಂಪ್, ಕೊನೆಗೆ ‘ಇಸಿಯು ಮ್ಯಾಪ್’ ಮಾಡಿಸುತ್ತಾರೆ. ಸಾವಿರಾರು ರೂಪಾಯಿ ಖರ್ಚಾದ ಮೇಲೂ ಬೈಕ್ ಅದೇ ಏರಿನಲ್ಲಿ ಆಫ್ ಆಗುತ್ತದೆ. ಕಾರಣ ಸರಳ. ಟ್ಯೂನಿಂಗ್ ಎನ್ನುವುದು ಸರಿಯಾಗಿರುವ ಬೈಕನ್ನು ಇನ್ನಷ್ಟು ಒಗ್ಗಿಸುವ ಕೆಲಸ, ಕೆಟ್ಟಿರುವ ಬೈಕ್‌ಗೆ ಅದು ಮದ್ದಲ್ಲ. ಮೊದಲು ದೋಷ ಹುಡುಕಬೇಕು, ಆಮೇಲೆ ಟ್ಯೂನಿಂಗ್.

ಭಾರತದಲ್ಲಿ ಎಫ್‌ಐ ಬಂದ ಬಗೆ

2016ರಲ್ಲಿ ಮಾರುಕಟ್ಟೆಗೆ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಕಾರ್ಬೊರೇಟರ್ ಬೈಕ್ ಆಗಿತ್ತು. ಬಿಎಸ್-4 ನಿಯಮದ ಹಿನ್ನೆಲೆಯಲ್ಲಿ 2017ರಲ್ಲಿ ಅದಕ್ಕೆ ಎಫ್‌ಐ ಬಂತು. 2019ರ ಮೇ ತಿಂಗಳಲ್ಲಿ ಬಿಡುಗಡೆಯಾದ ಹೀರೊ ಎಕ್ಸ್‌ಪಲ್ಸ್ 200 ಕಾರ್ಬೊರೇಟರ್ ಮತ್ತು ಎಫ್‌ಐ ಎರಡೂ ಆವೃತ್ತಿಗಳಲ್ಲಿ ಸಿಗುತ್ತಿತ್ತು. 2020ರ ಜನವರಿಯಲ್ಲಿ ಕೆಟಿಎಂ 390 ಅಡ್ವೆಂಚರ್ ಬಂತು. 2020ರ ಏಪ್ರಿಲ್ 1ರಂದು ಬಿಎಸ್-6 ಜಾರಿಯಾದ ಮೇಲೆ ಈ ವರ್ಗದ ಹೊಸ ಬೈಕ್‌ಗಳಲ್ಲಿ ಎಫ್‌ಐ ಸಾಮಾನ್ಯವಾಯಿತು.

ಎಫ್‌ಐ ಹೇಗೆ ಕೆಲಸ ಮಾಡುತ್ತದೆ?

ಟ್ಯಾಂಕ್‌ನೊಳಗಿನ ಪಂಪ್ ಪೆಟ್ರೋಲನ್ನು ಒತ್ತಡದಲ್ಲಿ ಇಂಜೆಕ್ಟರ್‌ಗೆ ಕಳಿಸುತ್ತದೆ. ಥ್ರಾಟಲ್ ಎಷ್ಟು ತೆರೆದಿದೆ, ಒಳಬರುವ ಗಾಳಿಯ ಒತ್ತಡ ಎಷ್ಟು, ಎಂಜಿನ್ ಎಷ್ಟು ಬಿಸಿಯಾಗಿದೆ ಎಂಬುದನ್ನು ಸೆನ್ಸರ್‌ಗಳು ಇಸಿಯುಗೆ ತಿಳಿಸುತ್ತವೆ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂದು ಇಸಿಯು ಲೆಕ್ಕ ಹಾಕುತ್ತದೆ. ಸೈಲೆನ್ಸರ್ ಪೈಪ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ಗಮನಿಸಿ ಮಿಶ್ರಣ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ವರದಿ ಕೊಡುತ್ತದೆ.

ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 1 ಕೆಜಿಗೆ ಸುಮಾರು 14.7 ಕೆಜಿ ಗಾಳಿ ಬೇಕು. ಈ ಲೆಕ್ಕ ಎಲ್ಲಿ ತಪ್ಪಿದರೂ ಮೊದಲು ತೊಂದರೆ ಕಾಣುವುದು ಐಡಲ್‌ನಲ್ಲಿ. ಆಗ ಎಂಜಿನ್‌ನೊಳಗೆ ಹೋಗುವ ಗಾಳಿ, ಪೆಟ್ರೋಲ್ ಎರಡೂ ತೀರಾ ಕಡಿಮೆ ಇರುವುದರಿಂದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಆಫ್‌ರೋಡ್ ಸವಾರಿಯ ಬಹುಪಾಲು ನಡೆಯುವುದು ಇದೇ ವೇಗದಲ್ಲಿ.

ಮೊದಲ ಪ್ರಶ್ನೆ: ಯಾವಾಗ, ಹೇಗೆ ಆಫ್ ಆಗುತ್ತದೆ?

ಸ್ಪ್ಯಾನರ್ ಹಿಡಿಯುವ ಮುನ್ನ ಎಂಜಿನ್ ಆಫ್ ಆಗುವ ರೀತಿಯನ್ನು ಗಮನಿಸಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

- ಸ್ವಿಚ್ ಒತ್ತಿದಂತೆ ತಟ್ಟನೆ ಆಫ್ ಆದರೆ ಸಾಮಾನ್ಯವಾಗಿ ವಿದ್ಯುತ್ ಭಾಗದ ತೊಂದರೆ. ಜೊತೆಗೆ ಮೀಟರ್ ಕೂಡ ಕತ್ತಲಾದರೆ ಬ್ಯಾಟರಿ ಟರ್ಮಿನಲ್, ಮುಖ್ಯ ಫ್ಯೂಸ್ ಅಥವಾ ಕೀ ಸ್ವಿಚ್ ಕಡೆ ನೋಡಬೇಕು.
- ತಡವರಿಸಿ, ಕೆಮ್ಮಿದಂತೆ ಮಾಡಿ ಆಫ್ ಆದರೆ ಪೆಟ್ರೋಲ್ ಅಥವಾ ಗಾಳಿಯ ತೊಂದರೆ.
- ತಣ್ಣಗಿರುವಾಗ ಸರಿ ಇದ್ದು, ಬಿಸಿಯಾದ ಮೇಲೆ ಮಾತ್ರ ಆಫ್ ಆದರೆ ವಾಲ್ವ್ ಕ್ಲಿಯರೆನ್ಸ್, ಪಂಪ್ ಅಥವಾ ಬಿಸಿಗೆ ಕೈಕೊಡುವ ಸೆನ್ಸರ್ ಮೇಲೆ ಅನುಮಾನ ಪಡಬೇಕು.
- ಕ್ಲಚ್ ಹಿಡಿದು ಥ್ರಾಟಲ್ ಬಿಟ್ಟಾಗ ಮಾತ್ರ ಆಫ್ ಆದರೆ ಥ್ರಾಟಲ್ ಬಾಡಿ ಮತ್ತು ಐಡಲ್ ವಾಲ್ವ್‌ನಲ್ಲಿ ಕಪ್ಪು ಕಟ್ಟಿರುವ ಸಾಧ್ಯತೆ ಹೆಚ್ಚು.
- ಗುಂಡಿ, ಕಲ್ಲಿನ ಮೇಲೆ ಕುಲುಕಿದಾಗ ಮಾತ್ರ ಆದರೆ ಸೈಡ್ ಸ್ಟ್ಯಾಂಡ್ ಸ್ವಿಚ್, ಸಡಿಲ ಕನೆಕ್ಟರ್ ಅಥವಾ ಸವೆದ ವೈರ್ ಕಾರಣವಿರಬಹುದು.
- ಅರ್ಧ ಗಂಟೆ ಓಡಿದ ಮೇಲೆ ಆಫ್ ಆಗಿ, ಟ್ಯಾಂಕ್ ಮುಚ್ಚಳ ತೆರೆದಾಗ ‘ಸುಸ್’ ಎಂದು ಗಾಳಿ ಒಳಗೆ ಹೋಗಿ, ಬೈಕ್ ಮತ್ತೆ ಸ್ಟಾರ್ಟ್ ಆದರೆ ಟ್ಯಾಂಕ್‌ನ ಗಾಳಿ ದಾರಿ ಮುಚ್ಚಿದೆ ಎಂದರ್ಥ.

ಹಂತ 1: ಸ್ವಿಚ್, ಬ್ಯಾಟರಿ, ವೈರಿಂಗ್

ಖರ್ಚಿಲ್ಲದ ಪರೀಕ್ಷೆಗಳು ಇವೇ ಆದ್ದರಿಂದ ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಸೈಡ್ ಸ್ಟ್ಯಾಂಡ್ ಸ್ವಿಚ್‌ನಲ್ಲಿ ಕೆಸರು ಒಣಗಿ ಗಟ್ಟಿಯಾದರೆ ಅಥವಾ ಸ್ಪ್ರಿಂಗ್ ಸಡಿಲವಾದರೆ, ಸ್ಟ್ಯಾಂಡ್ ಮೇಲಿದ್ದರೂ ಅದು ಕೆಳಗಿದೆ ಎಂದು ಇಸಿಯು ತಿಳಿಯುತ್ತದೆ. ಗೇರ್ ಹಾಕಿದ ಕೂಡಲೇ ಎಂಜಿನ್ ಆಫ್ ಆಗುತ್ತದೆ. ಸ್ವಿಚ್ ತೊಳೆದು, ಅದರ ವೈರ್ ಅಲುಗಾಡಿಸಿ ನೋಡಿ.

ಬೈಕ್ ಬಿದ್ದಾಗ ಎಂಜಿನ್ ನಿಲ್ಲಿಸುವ ಟಿಲ್ಟ್ ಸೆನ್ಸರ್ ಈಗಿನ ಅನೇಕ ಮಾದರಿಗಳಲ್ಲಿದೆ. ಬಿದ್ದ ಬೈಕ್ ಎತ್ತಿ ನಿಲ್ಲಿಸಿದ ಮೇಲೂ ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ. ಕೀ ಆಫ್ ಮಾಡಿ, ಕೆಲವು ಸೆಕೆಂಡ್ ಬಿಟ್ಟು ಆನ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಈ ಸೆನ್ಸರ್‌ನ ಸ್ಕ್ರೂ ಸಡಿಲವಾಗಿದ್ದರೆ ಬೀಳದೆಯೂ ಕುಲುಕಾಟಕ್ಕೇ ಎಂಜಿನ್ ಆಫ್ ಆಗಬಹುದು.

ಎಂಜಿನ್ ನಿಂತಿರುವಾಗ ಆರೋಗ್ಯವಂತ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ, ಥ್ರಾಟಲ್ ಸ್ವಲ್ಪ ಏರಿಸಿದರೆ 13.5ರಿಂದ 14.5 ವೋಲ್ಟ್ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಪಂಪ್ ನಿಧಾನವಾಗುತ್ತದೆ, ಕಿಡಿ ದುರ್ಬಲವಾಗುತ್ತದೆ, ಇಸಿಯು ರೀಸೆಟ್ ಆಗುವುದೂ ಉಂಟು. ಹೆಚ್ಚುವರಿ ಫಾಗ್ ಲ್ಯಾಂಪ್, ಮೊಬೈಲ್ ಚಾರ್ಜರ್ ಹಾಕಿಸಿದ್ದರೆ ಅವುಗಳ ವೈರ್ ಬಿಚ್ಚಿ ಒಮ್ಮೆ ಓಡಿಸಿ ನೋಡುವುದು ಜಾಣತನ.

ಹಂತ 2: ಗಾಳಿಯ ದಾರಿ

ಗುಂಪಿನಲ್ಲಿ ಹೋಗುವಾಗ ಹಿಂದಿನ ಸವಾರನ ಏರ್ ಫಿಲ್ಟರ್ ಒಂದೇ ದಿನದಲ್ಲಿ ಕೆಂಪು ಧೂಳಿನಿಂದ ತುಂಬಬಹುದು. ಸರ್ವಿಸ್ ಪುಸ್ತಕದಲ್ಲಿರುವ ಕಿ.ಮೀ. ಲೆಕ್ಕ ಡಾಂಬರು ರಸ್ತೆಗೆ ಹೊಂದುತ್ತದೆ, ಮಣ್ಣಿನ ದಾರಿಗೆ ಅಲ್ಲ. ಪೇಪರ್ ಫಿಲ್ಟರ್ ತೀರಾ ಕೊಳೆಯಾಗಿದ್ದರೆ ಬದಲಿಸಿ. ಫೋಮ್ ಫಿಲ್ಟರ್ ಆದರೆ ತೊಳೆದು, ಪೂರ್ತಿ ಒಣಗಿಸಿ, ಹದವಾಗಿ ಎಣ್ಣೆ ಹಚ್ಚಿ ಹಿಂಡಬೇಕು. ಎಣ್ಣೆ ಹೆಚ್ಚಾದರೂ ಗಾಳಿ ಕಟ್ಟುತ್ತದೆ.

ಥ್ರಾಟಲ್ ಬಾಡಿಯ ಒಳಗೋಡೆ ಮತ್ತು ಐಡಲ್ ವಾಲ್ವ್‌ನ ಸಣ್ಣ ರಂಧ್ರದಲ್ಲಿ ಎಣ್ಣೆ ಆವಿ ಮತ್ತು ಧೂಳು ಸೇರಿ ಕಪ್ಪು ಪದರ ಕಟ್ಟುತ್ತದೆ. ಥ್ರಾಟಲ್ ಬಿಟ್ಟ ಕೂಡಲೇ ಆಫ್ ಆಗುವ ಬೈಕ್‌ಗಳಲ್ಲಿ ಇದು ಬಹಳ ಸಾಮಾನ್ಯ ಕಾರಣ. ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿ ಒರೆಸಿ. ಸೆನ್ಸರ್‌ಗಳ ಮೇಲೆ ನೇರವಾಗಿ ಸಿಂಪಡಿಸಬೇಡಿ. ಬಣ್ಣ ಬಳಿದು ಮುದ್ರೆ ಹಾಕಿರುವ ಸ್ಟಾಪ್ ಸ್ಕ್ರೂವನ್ನು ಮುಟ್ಟಲೇಬೇಡಿ. ಅದು ಕಾರ್ಬೊರೇಟರ್‌ನ ಐಡಲ್ ಸ್ಕ್ರೂ ಅಲ್ಲ. ಅದನ್ನು ತಿರುಗಿಸಿದರೆ ಥ್ರಾಟಲ್ ಪೂರ್ತಿ ಮುಚ್ಚಿದ ಸ್ಥಾನದ ಲೆಕ್ಕವೇ ಇಸಿಯುಗೆ ತಪ್ಪುತ್ತದೆ. ಸ್ವಚ್ಛ ಮಾಡಿದ ಬಳಿಕ ಕೆಲವು ಮಾದರಿಗಳಲ್ಲಿ ಐಡಲ್ ಅನ್ನು ಮತ್ತೆ ಕಲಿಸುವ ವಿಧಾನವನ್ನು ಅನುಸರಿಸಬೇಕಾಗುತ್ತದೆ. ಅದು ಆಯಾ ಬೈಕ್‌ನ ಸರ್ವಿಸ್ ಕೈಪಿಡಿಯಲ್ಲಿರುತ್ತದೆ.

ಥ್ರಾಟಲ್ ಬಾಡಿ ಮತ್ತು ಎಂಜಿನ್ ನಡುವಿನ ರಬ್ಬರ್ ಜೋಡಣೆ ಬಿಸಿಲಿಗೆ ಬಿರುಕು ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ ಆ ಜಾಗಕ್ಕೆ ಸೋಪಿನ ನೀರು ಸ್ವಲ್ಪ ಸಿಂಪಡಿಸಿ. ಎಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ ಇದೆ. ಇದಕ್ಕೆ ಪೆಟ್ರೋಲ್ ಬಳಸುವ ಹಳೆಯ ಅಭ್ಯಾಸ ಬೆಂಕಿಗೆ ಆಹ್ವಾನ.

ಹಂತ 3: ಪೆಟ್ರೋಲ್ ದಾರಿ

ಕೀ ಆನ್ ಮಾಡಿದಾಗ ಟ್ಯಾಂಕ್ ಒಳಗಿಂದ ಎರಡು-ಮೂರು ಸೆಕೆಂಡ್ ‘ಗುಂಯ್’ ಎಂಬ ಸದ್ದು ಕೇಳಬೇಕು. ಅದು ಪಂಪ್ ಒತ್ತಡ ಕಟ್ಟುವ ಸದ್ದು. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ರಿಲೇ ನೋಡಿ. ಸದ್ದು ಇದ್ದ ಮಾತ್ರಕ್ಕೆ ಒತ್ತಡ ಸರಿಯಾಗಿದೆ ಎಂದೂ ಅಲ್ಲ. ಅನೇಕ ಬೈಕ್‌ಗಳಲ್ಲಿ ಇದು ಸುಮಾರು 3 ಬಾರ್ ಇರುತ್ತದೆ. ನಿಖರ ಅಂಕಿ ಕೈಪಿಡಿಯಲ್ಲಿ ಸಿಗುತ್ತದೆ. ಗೇಜ್ ಹಾಕಿ ಅಳೆಯದೆ ಪಂಪ್ ಬದಲಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ. ಎಷ್ಟೋ ಸಲ ತಪ್ಪು ಪಂಪ್‌ನದ್ದಲ್ಲ, ಅದರ ಬುಡದ ಜಾಲರಿ ಅಥವಾ ಫಿಲ್ಟರ್ ಕಟ್ಟಿರುವುದರದ್ದು.

ಪಂಪ್ ಟ್ಯಾಂಕ್‌ನೊಳಗೆ ಮುಳುಗಿರುತ್ತದೆ, ಅದನ್ನು ತಂಪಾಗಿಡುವುದು ಪೆಟ್ರೋಲೇ. ಹೈದರಾಬಾದ್‌ನಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ದಿನ ರಿಸರ್ವ್‌ನಲ್ಲೇ ಬೆಟ್ಟ ಹತ್ತಿದರೆ ಪಂಪ್ ಬಿಸಿಯಾಗುತ್ತದೆ. ಏರಿನಲ್ಲಿ ಪೆಟ್ರೋಲ್ ಒಂದು ಕಡೆಗೆ ಸರಿದು ಪಂಪ್ ಗಾಳಿ ಹೀರುವುದೂ ಉಂಟು. ಆಫ್‌ರೋಡ್‌ಗೆ ಹೊರಟಾಗ ಕಾಲು ಟ್ಯಾಂಕ್‌ಗಿಂತ ಕಡಿಮೆ ಇರದಂತೆ ನೋಡಿಕೊಳ್ಳುವುದು ಸುಲಭದ ಪರಿಹಾರ.

ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕ್‌ನ ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದೂ ಅದೇ ತಳದಿಂದ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಬೈಕ್ ಸ್ಟಾರ್ಟ್ ಆಗಿ ತಕ್ಷಣ ಆಫ್ ಆಗುತ್ತಿದ್ದರೆ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಸ್ವಲ್ಪ ಹೊತ್ತು ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಬೇಕು.

ಇ20 ಉರಿಯಲು ಬೇಕಾದ ಗಾಳಿಯ ಪ್ರಮಾಣವೂ ಕಡಿಮೆ. 14.7ರ ಬದಲು ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಆಕ್ಸಿಜನ್ ಸೆನ್ಸರ್ ಇರುವ ಬೈಕ್‌ನಲ್ಲಿ ಇಸಿಯು ಇದನ್ನು ಒಂದು ಮಿತಿಯವರೆಗೆ ತಾನೇ ಸರಿಪಡಿಸುತ್ತದೆ. ಸೈಲೆನ್ಸರ್ ಬದಲಿಸುವಾಗ ಆ ಸೆನ್ಸರ್ ತೆಗೆಸಿದ್ದರೆ ಸರಿಪಡಿಸುವವರೇ ಇರುವುದಿಲ್ಲ. ಹಳೆಯ ಅಳತೆಯಲ್ಲೇ ಪೆಟ್ರೋಲ್ ಬಂದು ಮಿಶ್ರಣ ತೆಳುವಾಗುತ್ತದೆ, ಐಡಲ್ ನಡುಗುತ್ತದೆ.

ಇನ್ನೊಂದು ಅಭ್ಯಾಸ ಟ್ಯಾಂಕನ್ನು ಕಂಠಪೂರ್ತಿ ತುಂಬಿಸುವುದು. ಬಿಎಸ್-4 ಕಾಲದಿಂದ ಅನೇಕ ಬೈಕ್‌ಗಳಲ್ಲಿ ಪೆಟ್ರೋಲ್ ಆವಿ ಹಿಡಿದಿಡುವ ಇದ್ದಿಲಿನ ಡಬ್ಬಿ, ಅಂದರೆ ಕ್ಯಾನಿಸ್ಟರ್ ಇರುತ್ತದೆ. ಟ್ಯಾಂಕ್ ತುಳುಕಿದರೆ ಅಥವಾ ಬೈಕ್ ಬಿದ್ದು ಬಹಳ ಹೊತ್ತು ಮಲಗಿದ್ದರೆ ಹಸಿ ಪೆಟ್ರೋಲ್ ಅದಕ್ಕೆ ಇಳಿದು ಮಿಶ್ರಣ ಹದಗೆಡುತ್ತದೆ. ಬಂಕ್‌ನಿಂದ ಹೊರಟ ಸ್ವಲ್ಪ ಹೊತ್ತಿಗೇ ಬೈಕ್ ತಡವರಿಸುತ್ತಿದ್ದರೆ ಇದನ್ನು ನೆನಪಿಡಿ.

ಹಂತ 4: ಎಂಜಿನ್ ಮತ್ತು ಕ್ಲಚ್

ವಾಲ್ವ್ ಕ್ಲಿಯರೆನ್ಸ್ ಬಿಗಿಯಾಗಿದ್ದರೆ ಎಂಜಿನ್ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ತಣ್ಣಗಿರುವಾಗ ಚೆನ್ನಾಗಿದ್ದು, ಏರು ಹತ್ತಿ ಬಿಸಿಯಾದ ಮೇಲೆ ಐಡಲ್ ನಿಲ್ಲದ ಬೈಕ್‌ಗಳಲ್ಲಿ ಇದನ್ನು ಅಳೆಸಲೇಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಫೀಲರ್ ಗೇಜ್‌ನಿಂದ ಅಳೆಯುವ ಕೆಲಸ ಇದು. ಯಾವ ಸಾಫ್ಟ್‌ವೇರ್ ಕೂಡ ಇದನ್ನು ಸರಿಮಾಡದು.

ಕ್ಲಚ್ ಪೂರ್ತಿ ಬಿಡಿಸದಿದ್ದರೂ ಎಂಜಿನ್ ಆಫ್ ಆಗುತ್ತದೆ. ಕ್ಲಚ್ ಹಿಡಿದು ಗೇರ್ ಹಾಕಿದಾಗ ಬೈಕ್ ಮುಂದಕ್ಕೆ ಎಳೆಯುತ್ತಿದ್ದರೆ ತಪ್ಪು ಎಫ್‌ಐನದ್ದಲ್ಲ, ಕೇಬಲ್ ಅಥವಾ ಕ್ಲಚ್ ಪ್ಲೇಟ್‌ನದ್ದು.

ಹಂತ 5: ಎಂಜಿನ್ ದೀಪ ಹೇಳುವ ಮಾತು

ಮೀಟರ್‌ನಲ್ಲಿ ಎಂಜಿನ್ ಆಕಾರದ ದೀಪ ಹೊತ್ತಿಕೊಂಡರೆ ಇಸಿಯು ದೋಷದ ಕೋಡ್ ದಾಖಲಿಸಿದೆ ಎಂದರ್ಥ. 2023ರ ಏಪ್ರಿಲ್‌ನಿಂದ ಜಾರಿಯಾದ ಒಬಿಡಿ-2 ನಿಯಮದಿಂದಾಗಿ ಹೊಸ ಬೈಕ್‌ಗಳಲ್ಲಿ ಸ್ಕ್ಯಾನರ್‌ನಿಂದ ಈ ಕೋಡ್ ಓದುವುದು ಸುಲಭವಾಗಿದೆ. ಕೋಡ್ ಅಳಿಸುವ ಮುನ್ನ ಬರೆದಿಟ್ಟುಕೊಳ್ಳಿ.

ಕೋಡ್ ಬಂದ ಮಾತ್ರಕ್ಕೆ ಆ ಭಾಗವೇ ಕೆಟ್ಟಿದೆ ಎಂದಲ್ಲ. ಆಕ್ಸಿಜನ್ ಸೆನ್ಸರ್ ‘ಮಿಶ್ರಣ ತೆಳು’ ಎಂದು ಹೇಳುತ್ತಿದ್ದರೆ ಅದು ಸತ್ಯವನ್ನೇ ಹೇಳುತ್ತಿರಬಹುದು. ನಿಜವಾದ ದೋಷ ಗಾಳಿ ಸೋರಿಕೆಯಲ್ಲೋ ಕಡಿಮೆ ಪೆಟ್ರೋಲ್ ಒತ್ತಡದಲ್ಲೋ ಇರಬಹುದು. ಸ್ಕ್ಯಾನರ್‌ನಲ್ಲಿ ಗಮನಿಸಬೇಕಾದ ಅಂಕಿಗಳು ಇವು:

- ಥ್ರಾಟಲ್ ನಿಧಾನವಾಗಿ ತಿರುಗಿಸಿದಾಗ ಅದರ ಅಂಕಿ ಎಲ್ಲೂ ನೆಗೆಯದೆ ಸಮನಾಗಿ ಏರಬೇಕು.
- ಬೆಳಗ್ಗೆ ತಣ್ಣಗಿರುವ ಎಂಜಿನ್‌ನ ಉಷ್ಣಾಂಶ ಹೊರಗಿನ ಹವೆಯ ಉಷ್ಣಾಂಶಕ್ಕೆ ಹತ್ತಿರವಿರಬೇಕು.
- ಎಂಜಿನ್ ಬಿಸಿಯಾದ ಮೇಲೆ, ಸಾಮಾನ್ಯ ಆಕ್ಸಿಜನ್ ಸೆನ್ಸರ್‌ನ ವೋಲ್ಟೇಜ್ ಸುಮಾರು 0.1 ಮತ್ತು 0.9ರ ನಡುವೆ ಏರಿಳಿಯುತ್ತಿರಬೇಕು. ಒಂದೇ ಕಡೆ ನಿಂತರೆ ತೊಂದರೆ.
- ಇಸಿಯು ತಾನಾಗಿ ಪೆಟ್ರೋಲ್ ಹೆಚ್ಚಿಸುತ್ತಲೇ ಇದ್ದರೆ ಗಾಳಿ ಸೋರಿಕೆ ಅಥವಾ ಪಂಪ್, ಫಿಲ್ಟರ್ ಕಡೆ ಹುಡುಕಬೇಕು.

ಟ್ಯೂನಿಂಗ್ ಯಾವಾಗ?

ಮೇಲಿನದೆಲ್ಲ ಸರಿಯಾದ ಮೇಲೆಯೇ ಟ್ಯೂನಿಂಗ್ ಮಾತು. ಊರಿನ ಎತ್ತರಕ್ಕೆ ತಕ್ಕಂತೆ ಮ್ಯಾಪ್ ಬದಲಿಸಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಹೈದರಾಬಾದ್ ಸಮುದ್ರಮಟ್ಟದಿಂದ ಸುಮಾರು 540 ಮೀಟರ್, ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿವೆ. ಇಷ್ಟು ವ್ಯತ್ಯಾಸವನ್ನು ಗಾಳಿಯ ಒತ್ತಡದ ಸೆನ್ಸರ್ ತಾನೇ ಸಂಭಾಳಿಸುತ್ತದೆ. ಬದಲಾವಣೆ ಮಾಡದ ಬೈಕ್‌ಗೆ ಇದಕ್ಕಾಗಿ ಮ್ಯಾಪ್ ಬೇಕಿಲ್ಲ.

ಕಡಿದಾದ ಏರಿನಲ್ಲಿ ಮಾತ್ರ ಆಫ್ ಆಗುವ ಆರೋಗ್ಯವಂತ ಬೈಕ್‌ಗೆ ಇಸಿಯುಗಿಂತ ಸ್ಪ್ರಾಕೆಟ್ ಹೆಚ್ಚು ನೆರವಾಗುತ್ತದೆ. ಮುಂದಿನ ಸ್ಪ್ರಾಕೆಟ್‌ನಲ್ಲಿ 13 ಹಲ್ಲಿನ ಬದಲು 12 ಹಲ್ಲು ಹಾಕಿದರೆ ಚಕ್ರಕ್ಕೆ ಸಿಗುವ ಎಳೆತ ಸುಮಾರು ಶೇ 8ರಷ್ಟು ಹೆಚ್ಚುತ್ತದೆ. ಎಂಜಿನ್ ಅಷ್ಟೇ ವೇಗದಲ್ಲಿ ತಿರುಗುತ್ತಿದ್ದರೂ ಬೈಕ್ ಇನ್ನೂ ನಿಧಾನವಾಗಿ ಸಾಗುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಸದ್ದು ಸ್ವಲ್ಪ ಹೆಚ್ಚುವುದು ಇದರ ಬೆಲೆ. ಕ್ಲಚ್ ಕೇಬಲ್‌ನ ಸಡಿಲ ಸರಿಪಡಿಸುವುದು, ಥ್ರಾಟಲ್ ಕೇಬಲ್‌ನಲ್ಲಿ ಅನಗತ್ಯ ಆಟ ಇಲ್ಲದಂತೆ ಮಾಡುವುದು ಕೂಡ ನಿಧಾನ ಸವಾರಿಯನ್ನು ಹಗುರಗೊಳಿಸುತ್ತದೆ.

ಸೈಲೆನ್ಸರ್ ಮತ್ತು ಏರ್ ಫಿಲ್ಟರ್ ಎರಡನ್ನೂ ಬದಲಿಸಿದ್ದರೆ ಗಾಳಿಯ ಲೆಕ್ಕವೇ ಬದಲಾಗುತ್ತದೆ, ಆಗ ಮ್ಯಾಪ್ ಬೇಕಾಗಬಹುದು. ಆದರೆ ಬೇರೆಯವರ ಬೈಕ್‌ನ ಫೈಲ್ ತಂದು ತುಂಬಿಸುವುದು ಟ್ಯೂನಿಂಗ್ ಅಲ್ಲ. ಡೈನೊ ಮೇಲೆ ಬೈಕ್ ನಿಲ್ಲಿಸಿ, ವೈಡ್‌ಬ್ಯಾಂಡ್ ಸೆನ್ಸರ್‌ನಿಂದ ಮಿಶ್ರಣ ಅಳೆದು ಮಾಡುವವರಲ್ಲಿಗೆ ಹೋಗಬೇಕು. ಮೂಲ ಫೈಲ್‌ನ ಪ್ರತಿ ಇಟ್ಟುಕೊಳ್ಳಬೇಕು.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ವಾಹನದ ಮೂಲ ವಿವರಗಳು ಬದಲಾಗುವಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಇದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹೊಗೆ ಮತ್ತು ಶಬ್ದದ ಮಿತಿ ಮೀರಿದರೆ ಸೆಕ್ಷನ್ 190(2) ಅಡಿ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ವಾರಂಟಿ ಕಳೆದುಕೊಳ್ಳುವ ಅಪಾಯ ಬೇರೆ.

ದಾರಿ ಮಧ್ಯೆ ಆಫ್ ಆದರೆ

ಮೊದಲು ಬೈಕನ್ನು ಸುರಕ್ಷಿತ ಜಾಗಕ್ಕೆ ತಳ್ಳಿ. ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್, ಬ್ಯಾಟರಿ ಟರ್ಮಿನಲ್, ಫ್ಯೂಸ್ ನೋಡಿ. ಕೀ ಆನ್ ಮಾಡಿ ಪಂಪ್ ಸದ್ದು ಕೇಳಿ. ಟ್ಯಾಂಕ್ ಮುಚ್ಚಳ ಒಮ್ಮೆ ತೆರೆದು ಮುಚ್ಚಿ. ಬಿದ್ದ ಬೈಕ್‌ನ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿ ತುಂಬಿದ್ದರೆ, ಥ್ರಾಟಲ್ ಪೂರ್ತಿ ತೆರೆದು ಸೆಲ್ಫ್ ಒತ್ತಿದಾಗ ಹಲವು ಮಾದರಿಗಳಲ್ಲಿ ಇಸಿಯು ಪೆಟ್ರೋಲ್ ನಿಲ್ಲಿಸಿ ಗಾಳಿಯನ್ನಷ್ಟೇ ಬಿಡುತ್ತದೆ.

ಹಳ್ಳ ದಾಟುವಾಗ ಆಫ್ ಆದರೆ ಮಾತ್ರ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರ್‌ಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಏರ್ ಫಿಲ್ಟರ್ ಡಬ್ಬಿ ತೆರೆದು ನೋಡಿ. ಅದು ಒದ್ದೆಯಾಗಿದ್ದರೆ ಪ್ಲಗ್ ಬಿಚ್ಚಿ ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು. ಮೂಸಿ ನದಿ ಹುಟ್ಟುವ ಅನಂತಗಿರಿ ಬೆಟ್ಟಗಳಲ್ಲಿ ಮಳೆಗಾಲದಲ್ಲಿ ಹಳ್ಳಗಳು ಬೇಗ ತುಂಬುತ್ತವೆ. ಅಲ್ಲಿನ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಬೈಕ್ ಇಳಿಸುವಂತೆಯೂ ಇಲ್ಲ.

ಜೊತೆಗೆ ಒಂದೆರಡು ಫ್ಯೂಸ್, ಹೊಸ ಪ್ಲಗ್, ಪ್ಲಗ್ ಸ್ಪ್ಯಾನರ್, ಇನ್ಸುಲೇಷನ್ ಟೇಪ್, ಸಣ್ಣ ಮಲ್ಟಿಮೀಟರ್ ಇದ್ದರೆ ಅರ್ಧ ಚಿಂತೆ ಕಡಿಮೆ. ಬಿಡಿಭಾಗ ಬೇಕಾದರೆ ಸಿಕಂದರಾಬಾದ್‌ನ ರಾಣಿಗಂಜ್ ಮಾರುಕಟ್ಟೆ ಇದೆ. ಆದರೆ ಸೆನ್ಸರ್, ಪಂಪ್‌ನಂಥವನ್ನು ಪಾರ್ಟ್ ನಂಬರ್ ಹೊಂದಿಸಿ, ಬಿಲ್ ಪಡೆದೇ ಕೊಳ್ಳಬೇಕು.

ಮೆಕ್ಯಾನಿಕ್ ಬಳಿಗೆ ಹೋಗುವಾಗ ‘ಗಾಡಿ ಆಫ್ ಆಗ್ತಿದೆ’ ಎಂದಷ್ಟೇ ಹೇಳಿದರೆ ಊಹೆಯಿಂದ ರಿಪೇರಿ ಶುರುವಾಗುತ್ತದೆ. ‘ಎಂಜಿನ್ ಬಿಸಿಯಾದ ಮೇಲೆ, ಕ್ಲಚ್ ಹಿಡಿದಾಗ, ಕೆಮ್ಮಿ ಆಫ್ ಆಗುತ್ತದೆ, ಮೀಟರ್ ಆರುವುದಿಲ್ಲ, ಕೊನೆಯ ಸಲ ಪೆಟ್ರೋಲ್ ಹಾಕಿಸಿ ಎರಡು ದಿನವಾಯಿತು’ ಎಂದು ಹೇಳಿದರೆ ಹುಡುಕಾಟ ಅಲ್ಲೇ ಅರ್ಧ ಮುಗಿಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ದಾರಿಯಲ್ಲಿ ಓಡಿಸಿ ನೋಡಿ, ಕಿ.ಮೀ. ಸಮೇತ ಬರೆದಿಡಿ. ಮುಂದಿನ ಬಾರಿ ಇದೇ ತೊಂದರೆ ಬಂದರೆ ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಎಂಬುದು ಆ ಪುಟದಲ್ಲೇ ಇರುತ್ತದೆ.